ಮುಂಗಡ ಕೇಳುವ ಮಹನೀಯರಿಗೊಂದು ಬಹಿರಂಗ ಪತ್ರ

ಕುಟುಂಬ ಸಮೇತ ಥೀಮ್ ಪಾರ್ಕಿಗೆ ಹೋಗಲು ಎಷ್ಟು ತಿಂಗಳು ಮೊದಲೇ ಸಿದ್ಧತೆ ನಡೆಸಬೇಕೆಂದು ಲೋಕಕ್ಕೆ ಉಪದೇಶಿಸುವ ಸಮಸ್ತ ಮಹನೀಯರಿಗೆ,

ವಿಷಯ: ರಾಯಚೂರು, ದೇವದುರ್ಗ ಹಾಗೂ ಮಾನ್ವಿಯ ಕುಟುಂಬಗಳಿಗೆ ತಾರೀಖು ಕೊಡಲು ಆಗದಿರುವ ಬಗ್ಗೆ.

ಮಾನ್ಯರೇ,

ಥೀಮ್ ಪಾರ್ಕ್ ಎಂದರೆ ಒಂದು ಕಥೆಯನ್ನೋ ಕಲ್ಪನೆಯನ್ನೋ ಆಧಾರವಾಗಿಟ್ಟುಕೊಂಡು, ಸುತ್ತ ಗೋಡೆ ಕಟ್ಟಿ, ಬಾಗಿಲಲ್ಲಿ ಒಮ್ಮೆಗೇ ಹಣ ಪಡೆದು, ಒಳಗೆ ಪ್ರತಿಯೊಂದು ಆಟದ ಮುಂದೆಯೂ ಸರದಿಯಲ್ಲಿ ನಿಲ್ಲಿಸುವ ವಿಹಾರೋದ್ಯಾನ ಎಂದು ಸ್ಥೂಲವಾಗಿ ಹೇಳಬಹುದು. ಈ ವಂಶದ ಮೂಲಪುರುಷನೆನ್ನಬಹುದಾದ ಡಿಸ್ನಿಲ್ಯಾಂಡ್ ಅಮೆರಿಕದ ಅನಾಹೈಮ್‌ನಲ್ಲಿ 1955ರ ಜುಲೈ 17ರಂದು ತೆರೆದಾಗ, ನಕಲಿ ಟಿಕೆಟು ಹಿಡಿದವರೂ ಸೇರಿ ಕರೆದದ್ದಕ್ಕಿಂತ ಎಷ್ಟೋ ಹೆಚ್ಚು ಜನ ನುಗ್ಗಿದ್ದರು. ಆಗಷ್ಟೇ ಹಾಕಿದ್ದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಎತ್ತರದ ಚಪ್ಪಲಿಗಳು ಅದರಲ್ಲಿ ಹೂತುಹೋಗಿದ್ದವು. ಕೊಳಾಯಿ ಕೆಲಸಗಾರರ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿಯೋ ಶೌಚಾಲಯವೋ ಎಂಬ ಪ್ರಶ್ನೆ ಎದ್ದು ಶೌಚಾಲಯ ಗೆದ್ದಿತ್ತು. ಬಾಗಿಲು ತೆರೆದವರಿಗೇ ಸಾಲದೆ ಹೋದ ಮುಂದಾಲೋಚನೆಯನ್ನು ಬಾಗಿಲಿಗೆ ಬರುವವರಿಗೆ ಕಲಿಸಲಾಗುತ್ತಿದೆ ಎಂಬುದು ಹೆಚ್ಚೆಂದರೆ ಇತಿಹಾಸದ ಒಂದು ತಮಾಷೆ, ಅಷ್ಟಕ್ಕೇ ಪತ್ರ ಬರೆಯುವ ಅಗತ್ಯವಿರಲಿಲ್ಲ.

ತಮ್ಮ ಉಪದೇಶದ ತಿರುಳು ಸರಳವಾಗಿದೆ. ಆರು ತಿಂಗಳು ಮೊದಲು ತಾರೀಖು ಗೊತ್ತುಮಾಡಬೇಕು, ನಾಲ್ಕು ತಿಂಗಳು ಮೊದಲು ಉಳಿಯುವ ಕೋಣೆ ಹಿಡಿಯಬೇಕು, ಎರಡು ತಿಂಗಳು ಮೊದಲು ರೈಲಿನ ಟಿಕೆಟು ಮಾಡಿಸಬೇಕು, ಒಂದು ತಿಂಗಳು ಮೊದಲು ಪಾರ್ಕಿನ ಪ್ರವೇಶಕ್ಕೆ ಮುಂಗಡ ಕಟ್ಟಬೇಕು, ಹೋಗುವ ವಾರ ಹವಾಮಾನ ನೋಡಬೇಕು. ಮೇಲಿನ ಮೆಟ್ಟಿಲುಗಳಲ್ಲಿ ದೋಷವೇನೂ ಕಾಣುವುದಿಲ್ಲ. ಮೊದಲ ಮೆಟ್ಟಿಲು ಮಾತ್ರ ಈ ಮೂರು ಊರುಗಳಲ್ಲಿ ಇಲ್ಲ.

ರಾಯಚೂರಿನ ಮಟ್ಟಿಗೆ ಥೀಮ್ ಪಾರ್ಕ್ ಎಂದರೆ ಹೈದರಾಬಾದ್. ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ಸ್ವಂತ ರಾಜ್ಯದಲ್ಲೇ ಇದ್ದರೂ ಅದು ನಾನೂರು ಕಿಲೋಮೀಟರಿಗೂ ಆಚೆ. ಹೈದರಾಬಾದಿನ ಹೊರವಲಯದಲ್ಲಿ 1996ರಿಂದ ಇರುವ ರಾಮೋಜಿ ಫಿಲ್ಮ್ ಸಿಟಿ ಹಾಗೂ ರಾವಿರಾಲದಲ್ಲಿ 2016ರಲ್ಲಿ ತೆರೆದ ವಂಡರ್‌ಲಾ ಸುಮಾರು ಅದರ ಅರ್ಧ ದೂರದಲ್ಲಿವೆ. ಆದರೆ ನಡುವೆ ಒಂದು ಗಡಿಯಿದೆ. ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ನೀಡುವ, 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಹೈದರಾಬಾದಿನವರೆಗೆ ಬರುವುದಿಲ್ಲ; ತೆಲಂಗಾಣದಲ್ಲಿ ಅದೇ ವರ್ಷದ ಡಿಸೆಂಬರ್ 9ರಿಂದ ಅಂಥದೇ ಯೋಜನೆಯಿದ್ದರೂ ಅದು ಅಲ್ಲಿನ ಮಹಿಳೆಯರಿಗೆ ಮಾತ್ರ. ಅಜ್ಜಿ, ಅವ್ವ, ಚಿಗವ್ವ, ಇಬ್ಬರು ಹುಡುಗಿಯರಿರುವ ಮನೆಯ ಲೆಕ್ಕಾಚಾರವೆಲ್ಲ ಶಕ್ತಿನಗರದ ಬಳಿ ಕೃಷ್ಣೆಯನ್ನು ದಾಟುತ್ತಿದ್ದಂತೆ ತಲೆಕೆಳಗಾಗುತ್ತದೆ. ಶಕ್ತಿ ಮುಗಿಯುವುದಕ್ಕೆ ಅದೇ ಹೆಸರಿನ ಊರು ಸಿಕ್ಕಿರುವುದು ಯಾರ ಮುಂದಾಲೋಚನೆಯೋ ತಿಳಿಯದು.

ಬಾಗಿಲು ಮುಟ್ಟಿದ ಮೇಲೆ ಎದುರಾಗುವ ನಿಯಮಗಳದ್ದು ಬೇರೆಯೇ ಶಾಸ್ತ್ರ. ಇಂಥ ಉದ್ಯಾನಗಳಲ್ಲಿ ಮಕ್ಕಳ ಟಿಕೆಟನ್ನು ಸಾಮಾನ್ಯವಾಗಿ ವಯಸ್ಸು ಕೇಳಿ ಕೊಡುವುದಿಲ್ಲ, ಕೋಲಿನ ಪಕ್ಕ ನಿಲ್ಲಿಸಿ ಎತ್ತರ ಅಳೆದು ಕೊಡುತ್ತಾರೆ. ಆರು ತಿಂಗಳು ಮೊದಲೇ ಮಗುವಿನ ದರದ ಲೆಕ್ಕ ಹಾಕಿಟ್ಟರೆ, ಜೋಳದ ರೊಟ್ಟಿ ತಿಂದು ಬೆಳೆದ ಹುಡುಗ ಆ ಹೊತ್ತಿಗೆ ಗೆರೆ ದಾಟಿ ದೊಡ್ಡವನಾಗಿಬಿಡುವ ಸಂಭವವನ್ನು ತಮ್ಮ ಯಾವ ಉಪದೇಶವೂ ಪರಿಗಣಿಸಿದಂತಿಲ್ಲ. ಹೊರಗಿನ ಊಟ ಒಳಗೆ ಒಯ್ಯುವಂತಿಲ್ಲವಾದ್ದರಿಂದ ಆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಗಂಟು ಬಾಗಿಲಲ್ಲೇ ಉಳಿಯುತ್ತದೆ. ನೀರಿನ ಆಟಗಳಿಗೆ ನೈಲಾನ್ ಇಲ್ಲವೇ ಅಂಥದೇ ಬಟ್ಟೆ ಕಡ್ಡಾಯ. ಸೀರೆ ಆಗದು, ಹತ್ತಿ ಬಟ್ಟೆ ಆಗದು, ಏಕೆಂದರೆ ಹತ್ತಿಯ ಎಳೆ ಬಿಟ್ಟು ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ ಎನ್ನಲಾಗುತ್ತದೆ. ಊರಿಗೆ ಊರೇ ಹತ್ತಿ ಬಿಡಿಸಿ, ಹತ್ತಿ ಮಾರುಕಟ್ಟೆಯ ಧಾರಣೆ ನೋಡಿಕೊಂಡು ಮಕ್ಕಳ ಫೀಜು ಕಟ್ಟುವ ಜಿಲ್ಲೆಯವರಿಗೆ, ಹತ್ತಿ ಮಾರಿದ ದುಡ್ಡಿನಲ್ಲಿ ನೈಲಾನ್ ಚಡ್ಡಿ ಬಾಡಿಗೆಗೆ ಪಡೆಯುವ ಯೋಗ ಒದಗುವುದು ಹೀಗೆ.

ಇಷ್ಟೆಲ್ಲ ಇದ್ದರೂ ಮಾನ್ವಿಯ ರೈತನು ಅಲೆಕೊಳದ ಮುಂದೆ ಬೆರಗಾಗಿ ನಿಲ್ಲುವುದರಲ್ಲಿ ಸಂಶಯವಿಲ್ಲ. ಅಲೆಕೊಳವೆಂದರೆ ಯಂತ್ರದಿಂದ ಕೃತಕ ಅಲೆ ಎಬ್ಬಿಸುವ ದೊಡ್ಡ ತೊಟ್ಟಿ. ಅಲ್ಲಿ ಮೊದಲು ಗಂಟೆಯೋ ಸೀಟಿಯೋ ಕೇಳಿಸುತ್ತದೆ, ಹೇಳಿದ ಹೊತ್ತಿಗೆ ಅಲೆ ಬರುತ್ತದೆ, ಹಿಂದಿನ ಸಾಲಿನಲ್ಲಿ ನಿಂತವನ ಮೊಣಕಾಲಿಗೂ ನೀರು ಮುಟ್ಟುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ, ಅಂದರೆ ಮೇಲಿನವರೆಲ್ಲ ಹರಿಸಿಕೊಂಡು ಉಳಿದರೆ ಮಾತ್ರ ನೀರು ಕಾಣುವ ಭಾಗದಲ್ಲಿ, ಗದ್ದೆ ಇಟ್ಟುಕೊಂಡವರಿಗೆ ಇದು ಆಟವಾಗಿ ಕಾಣುವುದಿಲ್ಲ, ಪವಾಡವಾಗಿ ಕಾಣುತ್ತದೆ. 69ನೇ ಮೈಲಿನಲ್ಲಿ ಗೇಜ್, ಅಂದರೆ ಕಾಲುವೆಯ ನೀರಿನ ಮಟ್ಟ, ಇಷ್ಟು ಅಡಿ ಇರಲೇಬೇಕೆಂದು ರಸ್ತೆಗಿಳಿದು ಕೂಗಿದವರಿಗೆ ಗಂಟೆ ಹೊಡೆದು ನೀರು ಬಿಡುವ ವ್ಯವಸ್ಥೆಯೊಂದು ಭೂಮಿಯ ಮೇಲೆ ಇದೆಯೆಂದು ಗೊತ್ತಾಗುವುದೇ ಆ ಟಿಕೆಟಿನ ಫಲ. ಅದಕ್ಕೂ ಹತ್ತಿ ಬಟ್ಟೆ ಬಿಚ್ಚಿಯೇ ಇಳಿಯಬೇಕು.

ತಾರೀಖಿನ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಎಡದಂಡೆಯ ಊರುಗಳಲ್ಲಿ ವರ್ಷದ ಪಂಚಾಂಗವನ್ನು ಬರೆಯುವುದು ನೀರಾವರಿ ಸಲಹಾ ಸಮಿತಿ: ಜಲಾಶಯದಲ್ಲಿ ಎಷ್ಟು ನೀರಿದೆ, ಯಾವ ದಿನದಿಂದ ಯಾವ ದಿನದವರೆಗೆ ಕಾಲುವೆಗೆ ಬಿಡಬೇಕು, ಎರಡನೇ ಬೆಳೆಗೆ ಸಿಗುತ್ತದೆಯೇ ಇಲ್ಲವೇ ಎಂಬುದನ್ನು ಸಭೆ ಸೇರಿ ತೀರ್ಮಾನಿಸುವ ಮಂಡಳಿ ಅದು. ಅದು ಹೇಳುವವರೆಗೆ ಸಸಿ ಹಾಕುವಂತಿಲ್ಲ, ಸಸಿ ಹಾಕದೆ ನಾಟಿಯ ದಿನ ಹೇಳುವಂತಿಲ್ಲ, ನಾಟಿಯ ದಿನ ಗೊತ್ತಿಲ್ಲದೆ ಕೊಯ್ಲಿನ ದಿನವಿಲ್ಲ, ಕೊಯ್ಲಾಗದೆ ಕೈಗೆ ಹಣವಿಲ್ಲ. ಸಮಿತಿ ಹೇಳಿದ ಮೇಲಾದರೂ ಮಾತು ನಿಲ್ಲುತ್ತದೆಯೇ ಎಂದರೆ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಗಿ, ತುಂಬಿ ನಿಂತ ನೀರು ಹೊಳೆಗೆ ಹರಿದುಹೋಗುವುದನ್ನು ನಾಲ್ಕು ಜಿಲ್ಲೆಗಳ ಜನ ಟಿವಿಯಲ್ಲಿ ನೋಡುತ್ತ ಕೂತಿದ್ದರು. ಆ ವಾರವೆಲ್ಲ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವ ಸಾಹಸ ನಡೆಯಿತು. ಆ ವಾರ ಯಾವ ಮನೆಯಲ್ಲಾದರೂ ಡಿಸೆಂಬರಿನ ಪ್ರವಾಸಕ್ಕೆ ಮುಂಗಡ ಕಟ್ಟಬೇಕೆಂಬ ಮಾತು ಎದ್ದಿದ್ದರೆ ಅದನ್ನು ಎತ್ತಿದವರ ಬುದ್ಧಿಯ ಬಗ್ಗೆಯೇ ಅನುಮಾನ ಪಡಬೇಕಾಗುತ್ತಿತ್ತು.

ರೈಲಿನ ವಿಚಾರದಲ್ಲಂತೂ ಮುಂದಾಲೋಚನೆಗೆ ಕೊರತೆಯಿದೆ ಎಂದು ಯಾರೂ ಹೇಳಲಾರರು. ರಾಯಚೂರು 1871ರಲ್ಲಿಯೇ ಮುಂಬಯಿ ಹಾಗೂ ಮದ್ರಾಸ್ ಕಡೆಯ ಹಳಿಗಳು ಬಂದು ಕೂಡಿದ ಸ್ಥಳ. ಮಾನ್ವಿಯ ಮೇಲೆ ಹಾದುಹೋಗಬೇಕಾದ ಮುನಿರಾಬಾದ್–ಮಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997–98ರಲ್ಲಿ. ರೈಲು ಸಿಂಧನೂರಿಗೆ ಬಂದದ್ದು 2024ರ ಮಾರ್ಚ್‌ನಲ್ಲಿ. ಮಾನ್ವಿ ಆಗಲೂ ವೇಯ್ಟಿಂಗ್ ಲಿಸ್ಟಿನಲ್ಲೇ ಉಳಿಯಿತು. ದೇವದುರ್ಗಕ್ಕೆ ಆ ಲಿಸ್ಟಿನ ಭಾಗ್ಯವೂ ಇಲ್ಲ. ಕಾಲು ಶತಮಾನಕ್ಕೂ ಹೆಚ್ಚು ಕಾಲ ಮುಂದಾಗಿ ಯೋಜಿಸಿದ ಪ್ರಯಾಣ ಇದು, ತಮ್ಮ ಆರು ತಿಂಗಳು ಇದರ ಮುಂದೆ ಯಾವ ಲೆಕ್ಕ? ರಾಮೋಜಿ ಫಿಲ್ಮ್ ಸಿಟಿಯಲ್ಲಿ ಚಿತ್ರೀಕರಣಕ್ಕೆಂದು ಕಟ್ಟಿದ ರೈಲು ನಿಲ್ದಾಣವೊಂದಿದೆ. ಊರಿಗೆ ಹೋಗುವ ರೈಲು ಬಾರದ ಆ ನಿಲ್ದಾಣದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಮಾನ್ವಿಯವರಿಗೆ ತವರಿಗೆ ಬಂದಂತಾಗುವುದು ಸಹಜ.

ಇನ್ನೊಂದು ಸಂಗತಿಯನ್ನೂ ತಮ್ಮ ಅವಗಾಹನೆಗೆ ತರಬೇಕಾಗಿದೆ. ಇದೇ ರೈಲ್ವೆ ಇಲಾಖೆ 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60ಕ್ಕೆ ಇಳಿಸಿತು. ಬಹಳ ಮೊದಲೇ ಮಾಡಿಸಿದ ಟಿಕೆಟುಗಳು ರದ್ದಾಗುವುದೂ ಹೆಚ್ಚೆಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಇಷ್ಟು ದೊಡ್ಡ ದೇಶದ ರೈಲ್ವೆಯೇ ನಾಲ್ಕು ತಿಂಗಳಾಚೆಯ ಮಾತು ನಂಬುವುದನ್ನು ಬಿಟ್ಟಿರುವಾಗ ತಮಗೆ ಮಾತ್ರ ಆರು ತಿಂಗಳಾಚೆಯದು ಕಾಣುತ್ತದೆ.

ಈ ಪತ್ರಕ್ಕೆ ನಿಮಿತ್ತವಾದ ಘಟನೆಯನ್ನು ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಾನ್ವಿಯ ಒಂದು ಶಿಕ್ಷಕ ಕುಟುಂಬ (ಅದರ ಒಳಸಂಗತಿಗಳು ಪತ್ರಲೇಖಕರಿಗೆ ಹೇಗೆ ಗೊತ್ತಾದವೆಂದು ದಯವಿಟ್ಟು ಕೇಳಬಾರದು) ತಮ್ಮ ಉಪದೇಶವನ್ನು ಅಕ್ಷರಶಃ ಪಾಲಿಸಿತ್ತು. ಶಿಕ್ಷಕರಿಗೆ ಇಡೀ ತಾಲ್ಲೂಕಿನಲ್ಲಿ ಯಾರಿಗೂ ಇಲ್ಲದ ಒಂದು ಸೌಭಾಗ್ಯವಿದೆ: ದಸರಾ ರಜೆಯ ತಾರೀಖು ಅವರಿಗೆ ಮೊದಲೇ ಗೊತ್ತಿರುತ್ತದೆ. ಆ ನಂಬಿಕೆಯಿಂದ 2025ರ ಅಕ್ಟೋಬರ್ ಮೊದಲ ವಾರದ ಒಂದು ದಿನಕ್ಕೆ ಪಾರ್ಕಿನ ಐದು ಟಿಕೆಟುಗಳ ಪೂರ್ತಿ ಹಣವನ್ನು ಕಟ್ಟಲಾಯಿತು, ಹತ್ತಿಯಲ್ಲದ ಬಟ್ಟೆಗಳನ್ನೂ ಹೊಲಿಸಲಾಯಿತು. ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ, ಅಂದರೆ ಜನ ಜಾತಿಗಣತಿ ಎಂದು ಕರೆಯುವ ಕಾರ್ಯ, ಆರಂಭವಾಗಿ, ಶಿಕ್ಷಕರು ಮೊಬೈಲು ಹಿಡಿದು ಮನೆಮನೆಯ ಬಾಗಿಲಿಗೆ ಹೊರಟರು. ಸಮೀಕ್ಷೆ ಹೇಳಿದ ದಿನಕ್ಕೆ ಮುಗಿಯದೆ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಹೀಗೆ ಮಕ್ಕಳ ರಜೆ ಬೆಳೆಯಿತು, ಮಾಸ್ತರರ ರಜೆ ಇಲ್ಲವಾಯಿತು.

ತಾರೀಖು ಬದಲಿಸಿಕೊಡಿರೆಂದು ಕೇಳಲು ಪಾರ್ಕಿಗೆ ಫೋನ್ ಮಾಡಿದಾಗ ಒಂದಕ್ಕೆ ಒಂದು ಭಾಷೆ, ಎರಡಕ್ಕೆ ಇನ್ನೊಂದು ಭಾಷೆ ಎಂದು ಧ್ವನಿ ಹೇಳಿತು. ಕನ್ನಡಕ್ಕೆ ಗುಂಡಿ ಇರಲಿಲ್ಲ. ನಲವತ್ತು ನಿಮಿಷ ಸಂಗೀತ ಕೇಳಿಸಿದ ಬಳಿಕ ಸಿಕ್ಕ ಸಿಬ್ಬಂದಿ, ಕೊಂಡ ಟಿಕೆಟು ಕೊಂಡದ್ದೇ ಎಂದೂ, ಮನೆಯಲ್ಲಿ ಸಾವಾಗಿದ್ದರೆ ಮರಣ ಪ್ರಮಾಣಪತ್ರ ಲಗತ್ತಿಸಿ ಮೇಲ್ ಮಾಡಬಹುದೆಂದೂ, ಸಮೀಕ್ಷೆಯೆಂಬ ಕಾರಣ ಪಟ್ಟಿಯಲ್ಲಿಲ್ಲವೆಂದೂ ತಿಳಿಸಿದರು. ಆ ದಿನಕ್ಕೆ ಮನೆಯಲ್ಲಿ ಸತ್ತವರು ಯಾರೂ ಇರಲಿಲ್ಲವಾದ್ದರಿಂದ ಐದು ಟಿಕೆಟುಗಳ ಹಣವೂ ಹೋಯಿತು. ಗೊತ್ತುಮಾಡಿದ ದಿನ, ಅಲೆಕೊಳದ ಮೊದಲ ಗಂಟೆ ಹೊಡೆಯುವ ಹೊತ್ತಿಗೆ, ಆ ಮಾಸ್ತರರು ಯಾರದೋ ಮನೆಯ ಕಟ್ಟೆಯ ಮೇಲೆ ಕೂತು ಅರವತ್ತು ಪ್ರಶ್ನೆಗಳ ಪಟ್ಟಿಯನ್ನು ಓದುತ್ತಿದ್ದರು. ಹೊಲಿಸಿದ ನೈಲಾನ್ ಬಟ್ಟೆಗಳು ಟ್ರಂಕಿನಲ್ಲಿವೆ. ಹುಡುಗ ಮುಂದಿನ ವರ್ಷಕ್ಕೆ ಅವುಗಳಲ್ಲಿ ಹಿಡಿಸುವುದಿಲ್ಲ, ಮಗುವಿನ ಟಿಕೆಟಿಗೂ ಹಿಡಿಸುವುದಿಲ್ಲ.

ಆದರೂ ಇದು ಸಂಬಳವಿರುವ ಮನೆಯ ಗೋಳು. ದೇವದುರ್ಗದ ಕಡೆ ಮುಂಗಡ ಎಂಬ ಪದಕ್ಕೆ ಬೇರೆಯೇ ಅರ್ಥವಿದೆ. ಮಳೆ ಕೈಕೊಟ್ಟು ಊರಲ್ಲಿ ಕೂಲಿ ನಿಂತಾಗ ಮನೆಗೆ ಬೀಗ ಹಾಕಿ, ಹಾಸಿಗೆ ಸುತ್ತಿ, ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ, ಹೆಂಡತಿ ಮಕ್ಕಳ ಸಮೇತ ಬೆಂಗಳೂರಿನಂಥ ಊರಿಗೆ ಕಟ್ಟಡದ ಕೆಲಸಕ್ಕೆ ಹೋಗುವುದನ್ನು ಇಲ್ಲಿ ಗುಳೆ ಎನ್ನುತ್ತಾರೆ. ಗುಳೆಗೆ ಮುಂಗಡವನ್ನು ಕುಟುಂಬ ಕಟ್ಟುವುದಿಲ್ಲ, ಮೇಸ್ತ್ರಿ ಕೊಡುತ್ತಾನೆ. ಕೊಟ್ಟ ಮೇಲೆ ಬರುವುದಿಲ್ಲ ಎನ್ನುವಂತಿಲ್ಲ, ಕೊಟ್ಟದ್ದು ತೀರುವವರೆಗೆ ಬಿಟ್ಟುಬರುವಂತಿಲ್ಲ, ತಾರೀಖು ಬದಲಿಸಿಕೊಡುವ ಮಾತೇ ಇಲ್ಲ. ರಾತ್ರಿ ದೇವದುರ್ಗದ ಬಸ್ ನಿಲ್ದಾಣದಲ್ಲಿ ಗೋಣಿಚೀಲದ ಮೇಲೆ ತಲೆಯಿಟ್ಟು ಮಲಗಿದ ಮಕ್ಕಳನ್ನು ನೋಡಿದರೆ ಕುಟುಂಬ ಸಮೇತ ಹೊರಡುವುದಕ್ಕೆ ಎಷ್ಟು ಸಿದ್ಧತೆ ಬೇಕೆಂಬುದು ತಮಗೂ ತಿಳಿಯಬಹುದು. ಆ ಮಕ್ಕಳು ಹೋಗುವ ಊರಿನಲ್ಲಿ ಪಾರ್ಕೂ ಇದೆ. ಅವರು ಇಳಿಯುವುದು ತಗಡಿನ ಶೆಡ್ಡಿಗೆ, ಹತ್ತುವುದು ಮರಳಿನ ಗುಡ್ಡೆ. ಇವರಿಗೆ ಯೋಜನೆ ಹಾಕಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಅಪ್ಪಟ ಸುಳ್ಳು. ಬೀಜಕ್ಕೆ, ಬಡ್ಡಿಗೆ, ಮದುವೆಗೆ, ಮಗಳ ಬಾಣಂತನಕ್ಕೆ ವರ್ಷ ಮೊದಲೇ ಲೆಕ್ಕ ಹಾಕುವವರು ಇವರು. ಕೊಟ್ಟ ಮಾತು ಉಳಿಸಿಕೊಳ್ಳದವರು ಮಳೆ, ಕಾಲುವೆ, ಧಾರಣೆ, ಸರ್ಕಾರ ಮತ್ತು ರೈಲು. ಉಪದೇಶವನ್ನು ಮೊದಲು ಅತ್ತ ಕಳಿಸಬೇಕಿತ್ತು, ವಿಳಾಸ ತಪ್ಪಿ ಇತ್ತ ಬಂದಿದೆ.

ಉಳಿದಂತೆ, ದೇವಸೂಗೂರಿನ ಸೂಗೂರೇಶ್ವರ ಜಾತ್ರೆಗೆ ತೊಟ್ಟಿಲು ಬರುತ್ತದೆ. ಅಲ್ಲಿ ಎತ್ತರ ಅಳೆಯುವ ಕೋಲಿಲ್ಲ, ರೊಟ್ಟಿಗಂಟು ಬಿಚ್ಚಿದರೆ ಯಾರೂ ತಡೆಯುವುದಿಲ್ಲ, ತೊಟ್ಟಿಲು ತಿರುಗಿಸುವವನು ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೇಳುತ್ತಾನೆ, ಅಷ್ಟೇ. ಮೇಲೆ ಹೋದಾಗ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. ಜಾತ್ರೆಯ ತಾರೀಖನ್ನು ಪಂಚಾಂಗದವರು ಕೊಡುತ್ತಾರೆ, ಇದುವರೆಗೆ ಬದಲಿಸಿಲ್ಲ.

ಐದು ಟಿಕೆಟುಗಳ ಹಣವನ್ನು ಮರಳಿಸುವ ವಿಚಾರ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂಬುದು ತಿಳಿದಿದೆ. ಬರುವುದಾದರೆ ಮರಣ ಪ್ರಮಾಣಪತ್ರ ಕೇಳದೆ ಕೊಡಿಸಬೇಕೆಂದು ಕೋರಲಾಗಿದೆ.

ಇಂತಿ ತಮ್ಮ ವಿಶ್ವಾಸಿ,
ವೇಯ್ಟಿಂಗ್ ಲಿಸ್ಟಿನಲ್ಲಿರುವವರು

ಸ್ಥಳ: ಮಾನ್ವಿ
ದಿನಾಂಕ: ಸಲಹಾ ಸಮಿತಿಯ ಸಭೆಯ ನಂತರ ತುಂಬಲಾಗುವುದು