ಅಭಾವಚಂದ್ರಿಕೆ: ಫೋನ್ ಇಲಾಖೆಯ ನೌಕರನನ್ನು ಕುರಿತು ಶಾಸ್ತ್ರವಿಚಾರ

ವೈಶೇಷಿಕರು 'ಇಲ್ಲ' ಎಂಬುದನ್ನೂ ಒಂದು ಪದಾರ್ಥವೆಂದು ಪಟ್ಟಿಗೆ ಸೇರಿಸಿ, ಅಭಾವವೆಂದು ಹೆಸರಿಟ್ಟು, ನಾಲ್ಕು ಬಗೆ ಮಾಡಿದರು. ಹುಟ್ಟುವ ಮೊದಲಿನ ಇಲ್ಲ, ನಾಶವಾದ ಮೇಲಿನ ಇಲ್ಲ, ಎಂದೆಂದಿಗೂ ಇಲ್ಲ, ಇದು ಅದಲ್ಲ. ಉದಾಹರಣೆಗೆಂದು ಅವರ ಕೈಗೆ ಸಿಕ್ಕಿದ್ದು ಮಡಕೆ. ಪಾಪ, ಲ್ಯಾಂಡ್‌ಲೈನ್ ಫೋನನ್ನು ಅವರು ಕಂಡಿರಲಿಲ್ಲ. ಕಂಡಿದ್ದರೆ ಕುಂಬಾರನನ್ನು ಇಷ್ಟು ಶತಮಾನ ಗೋಳು ಹೊಯ್ದುಕೊಳ್ಳುತ್ತಿರಲಿಲ್ಲ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಬೇಕು. ವಿಷಯ: ದೊಡ್ಡ ದೂರಸಂಪರ್ಕ ಸಂಸ್ಥೆಯ ನೌಕರ. ಪ್ರಯೋಜನ: ಏನೂ ಇಲ್ಲ. ಅಧಿಕಾರಿಗಳಿಗೆ ಅಲ್ಲಿ ಎಂದೂ ಬರಗಾಲ ಬಂದದ್ದಿಲ್ಲ. ಸಂಬಂಧ ಮಾತ್ರ ಮಳೆಗಾಲ ಶುರುವಾದೊಡನೆ ಕಡಿದುಹೋಗುತ್ತದೆ.

ಈ ನೌಕರನನ್ನು ಯಾವ ಪ್ರಮಾಣದಿಂದ ತಿಳಿಯಬೇಕು? ಪ್ರತ್ಯಕ್ಷದಿಂದ ಆಗದು. ಅವನು ಸೀಟಿನಲ್ಲಿರುವುದಿಲ್ಲ, ಕಂಬದ ಮೇಲೋ ಗುಂಡಿಯೊಳಗೋ ಕ್ಯಾಂಟೀನಿನಲ್ಲೋ ಇರುತ್ತಾನೆ. ಅನುಮಾನ ಪ್ರಮಾಣವನ್ನು ಹಿಂದಿನವರು ಪ್ರಯತ್ನಿಸಿದ್ದಾರೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬಂತೆ ಎಲ್ಲಿ ಏಣಿಯೋ ಅಲ್ಲಿ ಲೈನ್‌ಮನ್ ಎಂಬ ವ್ಯಾಪ್ತಿ ಅವರದು. ಆದರೆ ಕಂಬಕ್ಕೆ ಒರಗಿಸಿದ ಏಣಿಯೊಂದು ಇಡೀ ಮಧ್ಯಾಹ್ನ ಒಂಟಿಯಾಗಿ ನಿಂತದ್ದನ್ನು ಊರೆಲ್ಲ ನೋಡಿದ್ದರಿಂದ ಅದಕ್ಕೆ ವ್ಯಭಿಚಾರ ದೋಷ ತಗುಲಿತು. ಉಳಿದದ್ದು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಆರನೆಯ ಪ್ರಮಾಣ, ಅನುಪಲಬ್ಧಿ. ಕಾಣದಿರುವುದರಿಂದಲೇ ತಿಳಿಯುವುದು. ರಿಸೀವರ್ ಎತ್ತಿದಾಗ ಗುಂಯ್ ಎಂಬ ಟೋನ್ ಬಂದರೆ, ಅದರ ಹಿಂದೆ 48 ವೋಲ್ಟಿನ ಬ್ಯಾಟರಿ ಸಾಲಿಗೆ ಡಿಸ್ಟಿಲ್ಡ್ ವಾಟರ್ ಹೊಯ್ಯುವ ಜೀವವೊಂದಿದೆ ಎಂದು ಯಾವ ಚಂದಾದಾರನೂ ನೆನೆಯುವುದಿಲ್ಲ. ಟೋನ್ ಇಲ್ಲವಾದ ಕ್ಷಣದಲ್ಲೇ ನೌಕರನ ಇರವು, ಅವನ ಸಂಬಳ, ಅವನ ವಂಶ ಎಲ್ಲವೂ ಒಟ್ಟಿಗೆ ನೆನಪಾಗುತ್ತವೆ. ಆದ್ದರಿಂದ ನೌಕರನೆಂದರೆ ಟೋನಿನ ಅಭಾವದಿಂದ ಮಾತ್ರ ಗೊತ್ತಾಗುವ ಭಾವಪದಾರ್ಥ ಎಂದು ಸಿದ್ಧಾಂತ.

ಇನ್ನು ಪ್ರಾಗಭಾವ, ಅಂದರೆ ಹುಟ್ಟುವ ಮೊದಲಿನ ಇಲ್ಲ. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು. ಫೋನಿಗಾಗಿ ಕಾಯುವ ಪಟ್ಟಿ ಇದರ ಶುದ್ಧ ರೂಪ. ಅರ್ಜಿ ಹಾಕಿದವನು ತಂದೆ, ಫೋನ್ ಬಂದ ದಿನ ಮೊದಲು ಹಲೋ ಎಂದವನು ಮಗ. ಸ್ವತಂತ್ರ ಭಾರತ 1948ರಲ್ಲೇ ಬೆಂಗಳೂರಿನಲ್ಲಿ ಐ.ಟಿ.ಐ. ಎಂಬ ಫೋನ್ ಕಾರ್ಖಾನೆ ತೆರೆದು, ಅದರ ಸುತ್ತಲ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಿಟ್ಟರೂ ಫೋನು ಮಾತ್ರ ಮನೆಗಳಿಂದ ದೂರವೇ ಉಳಿಯಿತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕಾಲೂರಿದ್ದು ನಮ್ಮ ಕಿತ್ತೂರಿನಲ್ಲಿ. ಎ.ಸಿ. ಇಲ್ಲದೆ, ಧೂಳಿನ ನಡುವೆ ನಡೆಯುವಂತೆ ಮಾಡಿದ ಯಂತ್ರ ಅದು. ಅದೇ ಪರಿಸ್ಥಿತಿಯಲ್ಲಿ ನಡೆಯುವ ನೌಕರ ಅದಕ್ಕೂ ಎಷ್ಟೋ ಮೊದಲೇ ಸಿದ್ಧನಾಗಿದ್ದ, ಆದರೆ ಅವನ ಬಗ್ಗೆ ಯಾರೂ ಪತ್ರಿಕಾಗೋಷ್ಠಿ ಕರೆಯಲಿಲ್ಲ. ಪ್ರಾಗಭಾವದ ಕಾಲ ನೌಕರನಿಗೆ ಕೃತಯುಗ. ಮದುವೆ ಮನೆಗೆ ಹೋದರೆ ಜೂನಿಯರ್ ಎಂಜಿನಿಯರಿಗೆ ಮೊದಲ ಪಂಕ್ತಿಯಲ್ಲೇ ಎಲೆ. ಇವತ್ತು ಅವನ ಮೊಮ್ಮಗ ಅದೇ ಪಂಕ್ತಿಯಲ್ಲಿ ಕೂತು ವೈಫೈ ಪಾಸ್‌ವರ್ಡ್ ಕೇಳುತ್ತಾನೆ.

ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ. ಅದರ ನಿಮಿತ್ತ ಕಾರಣ ಜೆ.ಸಿ.ಬಿ. ರಸ್ತೆ ಅಗಲಿಸುವವರು, ನೀರಿನ ಪೈಪು ಹೂಳುವವರು, ಚರಂಡಿ ತೋಡುವವರು, ಎಲ್ಲರೂ ನೆಲ ಅಗೆಯುವ ಮುನ್ನ ತಿಳಿಸಬೇಕೆಂಬ ನಿಯಮವಿದೆ. ಅವರು ತಿಳಿಸುತ್ತಾರೆ ಕೂಡ, ಕೇಬಲ್ ತುಂಡಾಗುವ ಮೂಲಕ. ಆಗ ಜಾಯಿಂಟರ್ ಗುಂಡಿಗಿಳಿದು ಜೆಲ್ಲಿ ಮೆತ್ತಿಕೊಂಡ ತಂತಿಗಳನ್ನು ಬಣ್ಣ ನೋಡಿ ಜೋಡಿಸಬೇಕು. ಇಲ್ಲಿ ವೈಯಾಕರಣಿಗಳ ಗಮನಕ್ಕೆ ಬಾರದ ಒಂದು ವಿಷಯವುಂಟು. ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ ಎಂಬ ಐದು ಬಣ್ಣಗಳಿಗೆ ನೀಲಿ, ಕಿತ್ತಳೆ, ಹಸಿರು, ಕಂದು, ಸ್ಲೇಟು ಎಂಬ ಐದನ್ನು ಜೊತೆಗೂಡಿಸಿದರೆ 25 ಜೋಡಿ. ನಮ್ಮ ವರ್ಗೀಯ ವ್ಯಂಜನಗಳೂ ಐದೈದರ ಐದು ಸಾಲು, ಒಟ್ಟು 25. ಬಿಳಿ-ನೀಲಿಯೇ ಕಕಾರ, ಬಿಳಿ-ಕಿತ್ತಳೆ ಖಕಾರ. ಪ್ರತಿ ವರ್ಗದ ಕೊನೆಯ ಸ್ಲೇಟು ಬಣ್ಣ ಅನುನಾಸಿಕವಿದ್ದ ಹಾಗೆ. ಪಟ್ಟಿಯಲ್ಲಿ ಇರುತ್ತದೆ, ರಾತ್ರಿ ಎರಡು ಗಂಟೆಗೆ ಟಾರ್ಚ್ ಬೆಳಕಿನಲ್ಲಿ ಯಾವ ಬಣ್ಣವೆಂದು ಹೇಳುವುದು ಯಾರಿಂದಲೂ ಆಗುವುದಿಲ್ಲ. ಅಕ್ಷರಾಭ್ಯಾಸ ಸರಿಯಾಗಿ ಆಗದ ಜಾಯಿಂಟರು ಜೋಡಿಸಿದ ಕೇಬಲಿನಲ್ಲಿ ಡಾಕ್ಟರ ಮನೆಗೆ ಮಾಡಿದ ಫೋನು ವಕೀಲರ ಮನೆಯಲ್ಲಿ ರಿಂಗಾಗುತ್ತದೆ. ಹಾಗೆ ರಿಂಗಾಗುವ ಹೊತ್ತಿಗೆ ತಂತಿ ಕೈಯಲ್ಲಿದ್ದರೆ ಸುಮಾರು 75 ವೋಲ್ಟಿನ ಅನುಭವಜ್ಞಾನವೂ ಲಭಿಸುತ್ತದೆ. ಅದನ್ನು ಯಾವ ಪ್ರಮಾಣದಲ್ಲಿ ಸೇರಿಸಬೇಕೆಂದು ಭಾಷ್ಯಕಾರರು ಹೇಳಿಲ್ಲ.

ಅತ್ಯಂತಾಭಾವದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮಲೆನಾಡಿನವರಿಗೆ ಅದು ಗೊತ್ತು.

ಅನ್ಯೋನ್ಯಾಭಾವವೇ ಈ ಶಾಸ್ತ್ರದ ಹೃದಯ. ಮಡಕೆ ಬಟ್ಟೆಯಲ್ಲ, ಬಟ್ಟೆ ಮಡಕೆಯಲ್ಲ ಎಂದು ತಾರ್ಕಿಕರು ಹೇಳಿದ್ದನ್ನು ಇಲಾಖೆ ಇಂಡೋರು ಔಟ್‌ಡೋರಲ್ಲ, ಔಟ್‌ಡೋರು ಇಂಡೋರಲ್ಲ ಎಂದು ವಿಸ್ತರಿಸಿತು. ಎಕ್ಸ್‌ಚೇಂಜಿನೊಳಗಿನ ಯಂತ್ರ ಇಂಡೋರಿನದು, ಬೀದಿಯ ಕೇಬಲು ಔಟ್‌ಡೋರಿನದು, ಎರಡೂ ಸಂಧಿಸುವ ಚೌಕಟ್ಟು ಎಂ.ಡಿ.ಎಫ್. ಈ ಸಂಧಿಯಲ್ಲಿ ಗುಣವೂ ಆಗುವುದಿಲ್ಲ, ಸವರ್ಣದೀರ್ಘವೂ ಆಗುವುದಿಲ್ಲ. ಆಗುವುದು ಲೋಪ ಮಾತ್ರ. ನಿತ್ಯ ನಡೆಯುವ ವಾದ ಹೀಗಿರುತ್ತದೆ:

"ಸಾರ್, ಕ್ಯಾಬಿನೆಟ್ ಹತ್ರ ನಿಂತಿದೀನಿ. ಟೋನ್ ಬಂದಿಲ್ಲ."

"ಇಲ್ಲಿಂದ ಹೋಗ್ತಾ ಇದೆ ಕಣ್ರೀ. ನಾನೇ ಕಿವಿಗಿಟ್ಟು ಕೇಳಿದೀನಿ."

"ಹೋಗಿದ್ರೆ ಬರ್ಬೇಕಲ್ಲ ಸಾರ್?"

"ಬಂದಿಲ್ಲ ಅಂದ್ರೆ ಫಾಲ್ಟು ನಿಮ್ ಕಡೆ."

ಗಮನಿಸಬೇಕು, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಟೋನ್ ಹೋಗಿದೆ, ಆದರೆ ಬಂದಿಲ್ಲ. ಹೊರಟಿತು ಎಂಬುದಕ್ಕೂ ತಲುಪಲಿಲ್ಲ ಎಂಬುದಕ್ಕೂ ನಡುವೆ ಇರುವುದು ಮುನ್ನೂರು ಮೀಟರ್ ಕೇಬಲು. ಆ ಕೇಬಲು ಮೂರನೆಯ ಸೆಕ್ಷನ್ನಿನದು, ಮೂರನೆಯ ಸೆಕ್ಷನ್ನಿನವರು ರಜೆಯಲ್ಲಿದ್ದಾರೆ. ಟ್ರಾನ್ಸ್‌ಮಿಶನ್ನಿನವರನ್ನು ಕೇಳಿದರೆ ತಮ್ಮ ಕಡೆ ಎಲ್ಲ ಹಸಿರು ದೀಪ ಎನ್ನುತ್ತಾರೆ. ಪವರ್ ಪ್ಲಾಂಟಿನವರು ಯಾರೂ ಕೇಳದೆಯೇ 48 ವೋಲ್ಟ್ ಇದೆ ಎಂದು ಘೋಷಿಸುತ್ತಾರೆ. ಫಾಲ್ಟು ಎಲ್ಲ ಸೆಕ್ಷನ್ನಿನಿಂದಲೂ ಬೇರೆಯಾದದ್ದು ಎಂದು ಸಾಬೀತಾದ ಮೇಲೆ ಉಳಿಯುವುದು ಒಂದೇ ಸ್ಥಾನ, ಚಂದಾದಾರನ ಮನೆ. "ನಿಮ್ ಇನ್‌ಸ್ಟ್ರುಮೆಂಟ್ ಚೆಕ್ ಮಾಡಿಸ್ಕೊಳಿ" ಎಂಬ ಮಹಾವಾಕ್ಯ ಹುಟ್ಟಿದ್ದು ಇಲ್ಲಿಂದ.

ದೂರು ಕೊಡಲು 198ಕ್ಕೆ ಫೋನ್ ಮಾಡಬೇಕು. ಫೋನ್ ಸತ್ತಿರುವುದರಿಂದಲೇ ದೂರು, ದೂರಿಗೆ ಫೋನ್ ಬೇಕು. ಇದನ್ನು ನ್ಯಾಯಶಾಸ್ತ್ರ ಅನ್ಯೋನ್ಯಾಶ್ರಯ ದೋಷವೆಂದು ಖಂಡಿಸುತ್ತದೆ. ಚಂದಾದಾರ ಪಕ್ಕದ ಮನೆಗೆ ಹೋಗಿ ಪರಿಹರಿಸಿಕೊಳ್ಳುತ್ತಾನೆ. ದೂರು ದಾಖಲಾದರೆ ಒಂದು ಡಾಕೆಟ್ ನಂಬರ್ ಹುಟ್ಟುತ್ತದೆ. ಡಾಕೆಟನ್ನು ಸಂಜೆಯೊಳಗೆ ಕ್ಲೋಸ್ ಮಾಡಬೇಕು, ಇಲ್ಲದಿದ್ದರೆ ಮರುದಿನದ ಮೀಟಿಂಗಿನಲ್ಲಿ ಶೇಕಡಾವಾರು ಕುಸಿಯುತ್ತದೆ. ಮೊದಲು ಕ್ಲೋಸ್, ಆಮೇಲೆ ರಿಪೇರಿ ಎಂಬ ಪದ್ಧತಿಯನ್ನು ಅಜ್ಞಾನಿಗಳು ಮೋಸವೆನ್ನುತ್ತಾರೆ. ಸಾಂಖ್ಯರ ಸತ್ಕಾರ್ಯವಾದ ಓದಿದವರು ಹಾಗೆನ್ನಲಾರರು. ಎಳ್ಳಿನಲ್ಲಿ ಎಣ್ಣೆ ಮೊದಲೇ ಇರುವುದರಿಂದ ಅಲ್ಲವೇ ಗಾಣದಲ್ಲಿ ಬರುವುದು? ಫಾಲ್ಟಿನಲ್ಲೂ ರಿಪೇರಿ ಸೂಕ್ಷ್ಮರೂಪದಲ್ಲಿ ಅಡಗಿಯೇ ಇದೆ. ನೌಕರ ಅದನ್ನು ಕಂಪ್ಯೂಟರಿನಲ್ಲಿ ಸ್ವಲ್ಪ ಮುಂಚಿತವಾಗಿ ದರ್ಶಿಸಿದ, ಅಷ್ಟೇ.

ಮಧ್ವಮತದವರಿಗೆ ಈ ಸಂಸ್ಥೆ ಹುಟ್ಟೂರಿನಂತೆ ಕಾಣಬೇಕು. ಅವರು ಹೇಳುವ ಪಂಚಭೇದ ಇಲ್ಲಿ ದಿನಾ ಸಹಿ ಹಾಕಿ ಒಳಗೆ ಬರುತ್ತದೆ. ಚೀಫ್ ಜನರಲ್ ಮ್ಯಾನೇಜರಿಗೂ ನೌಕರನಿಗೂ ಭೇದ. ನೌಕರನಿಗೂ ನೌಕರನಿಗೂ ಭೇದ, ಅದನ್ನು ಯೂನಿಯನ್ನುಗಳು ಕಾಪಾಡುತ್ತವೆ. ನೌಕರನಿಗೂ ಯಂತ್ರಕ್ಕೂ ಇರುವ ಭೇದ ಸ್ವಿಚ್ ರೂಮಿನ ಬಾಗಿಲಲ್ಲೇ ಗೊತ್ತಾಗುತ್ತದೆ: ನೌಕರ ಚಪ್ಪಲಿ ಬಿಟ್ಟು ಒಳಹೋಗಬೇಕು, ಎ.ಸಿ. ಇರುವುದು ಯಂತ್ರಕ್ಕೆ. ಸಾಹೇಬರಿಗೂ ಯಂತ್ರಕ್ಕೂ ಭೇದ ಎಷ್ಟೆಂದರೆ ಉದ್ಘಾಟನೆಯ ದಿನ ಬಿಟ್ಟು ಇಬ್ಬರೂ ಮುಖಾಮುಖಿ ಆದದ್ದಿಲ್ಲ. ಯಂತ್ರಕ್ಕೂ ಯಂತ್ರಕ್ಕೂ ಭೇದವನ್ನು ಟೆಂಡರು ಕಲ್ಪಿಸುತ್ತದೆ. ಒಂದು ಕಂಪನಿಯ ಡಬ್ಬಿ ಇನ್ನೊಂದರ ಡಬ್ಬಿಯೊಡನೆ ಮಾತಾಡುವುದಿಲ್ಲ. ಇನ್ನು ತಾರತಮ್ಯ. ಜೆ.ಟಿ.ಓ., ಎಸ್.ಡಿ.ಇ., ಡಿ.ಇ., ಡಿ.ಜಿ.ಎಂ. ಎಂದು ಮೇಲೇರುವ ಈ ಸೋಪಾನದಲ್ಲಿ ಯಾರು ಯಾರಿಗಿಂತ ಹಿರಿಯರೆಂಬ ಪಟ್ಟಿಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಲೈನ್‌ಮನ್ ಮುಂದೆ ಫೋನ್ ಮೆಕ್ಯಾನಿಕ್ ಆದ, ಆಮೇಲೆ ಟೆಲಿಕಾಂ ಮೆಕ್ಯಾನಿಕ್, ಕಡೆಗೆ ಟೆಲಿಕಾಂ ಟೆಕ್ನಿಷಿಯನ್. ಹೆಸರು ಮೇಲೆ ಮೇಲೆ ಹತ್ತಿತು. ಕಂಬ ಅದೇ ಕಂಬ, ಹತ್ತಬೇಕಾದವನೂ ಅವನೇ.

ಪೂರ್ವಪಕ್ಷ: ಇದೆಲ್ಲ ಸರ್ಕಾರಿ ರೋಗ, ಖಾಸಗಿಯಲ್ಲಿ ಹೀಗಿಲ್ಲ. ಉತ್ತರ: ಖಾಸಗಿಯಲ್ಲಿ ಭೇದ ಕಡಿಮೆ, ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಅಲ್ಲಿ ಅಧಿಕವಾಗಿರುವುದು ಪುನರ್ಜನ್ಮ. ಬೆಂಗಳೂರಿನಲ್ಲಿ ಸ್ಪೈಸ್ ಕಂಪನಿಗೆ ಸೇರಿದ ಹುಡುಗ 2008ರಲ್ಲಿ ಐಡಿಯಾ ಅದನ್ನು ಕೊಂಡಾಗ ಐಡಿಯಾದವನಾದ. 2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದಾಗ ವೊಡಾಫೋನ್ ಐಡಿಯಾದವನಾದ. 2020ರಲ್ಲಿ 'ವಿ' ಎಂಬ ಏಕಾಕ್ಷರ ಬ್ರಹ್ಮದಲ್ಲಿ ಲೀನನಾದ. ಜೀರ್ಣವಸ್ತ್ರ ಬಿಟ್ಟು ಹೊಸವಸ್ತ್ರ ಉಡುವ ಮಾತು ಇಲ್ಲಿ ಅಕ್ಷರಶಃ ಸತ್ಯ, ಪ್ರತಿ ಸಲವೂ ಹೊಸ ಬಣ್ಣದ ಟೀಶರ್ಟ್ ಕೊಡುತ್ತಾರೆ. ಟಾರ್ಗೆಟ್ ಮಾತ್ರ ಕರ್ಮದಂತೆ ಜನ್ಮದಿಂದ ಜನ್ಮಕ್ಕೆ ಕ್ಯಾರಿ ಫಾರ್ವರ್ಡ್.

ಸರ್ಕಾರಿ ನೌಕರನಿಗೂ ಅಂಥದೊಂದು ಜನ್ಮಾಂತರ ಆಯಿತು. 2000ದ ಸೆಪ್ಟೆಂಬರ್ 30ರ ರಾತ್ರಿ ಇಲಾಖೆಯವನಾಗಿ ಮಲಗಿದವನು ಅಕ್ಟೋಬರ್ 1ರ ಬೆಳಿಗ್ಗೆ ಬಿ.ಎಸ್.ಎನ್.ಎಲ್. ಎಂಬ ಕಂಪನಿಯಲ್ಲಿ ಎದ್ದ. ಸರ್ಕಾರದ ಪೆನ್ಷನ್ ಎಂಬ ಪೂರ್ವವಾಸನೆಯೊಂದನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿದ್ದ. ಆಮೇಲಿನ ಕತೆ ಎಲ್ಲರೂ ಬಲ್ಲದ್ದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮಾತನ್ನು ಬಿಟ್ಟಿಯಾಗಿ ಹಂಚಿತು. ಸ್ವಯಂನಿವೃತ್ತಿ ಯೋಜನೆಯಡಿ 2020ರ ಜನವರಿ 31ರಂದು ಒಂದೇ ದಿನ ಸುಮಾರು 78 ಸಾವಿರ ಮಂದಿ, ಅಂದರೆ ಅರ್ಧಕ್ಕೂ ಹೆಚ್ಚು ನೌಕರರು, ಬಿ.ಎಸ್.ಎನ್.ಎಲ್. ಬಿಟ್ಟು ಹೊರಟರು. ನೌಕರನನ್ನು ಇಲ್ಲವಾಗಿಸುವುದು ಈ ಉದ್ಯಮಕ್ಕೆ ಹೊಸದೇನಲ್ಲ. ಆಪರೇಟರ್ ಬೇಡದ ಎಕ್ಸ್‌ಚೇಂಜಿಗೆ 1891ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಸ್ಟ್ರೋಜರ್ ಶವಸಂಸ್ಕಾರದ ದಂಧೆಯವನು. ಊರಿನ ಆಪರೇಟರು ತನ್ನ ಗಿರಾಕಿಗಳನ್ನು ಎದುರಾಳಿಯ ಅಂಗಡಿಗೆ ತಿರುಗಿಸುತ್ತಿದ್ದಾಳೆಂದು ಅವನಿಗೆ ಗುಮಾನಿಯಿತ್ತಂತೆ. ಅವನ ಮಾದರಿಯ ಎಕ್ಸ್‌ಚೇಂಜುಗಳನ್ನೇ ದೂರವಾಣಿನಗರದಲ್ಲಿ ವರ್ಷಗಟ್ಟಲೆ ತಯಾರಿಸಿದರು. ಹೆಣದವನು ಹಾಕಿಕೊಟ್ಟ ದಾರಿ ಎಂದು ಯಾರಿಗೂ ಅಪಶಕುನ ಅನ್ನಿಸಿದಂತಿಲ್ಲ.

ಉಳಿದಿರುವ ಸಂಶಯ ಒಂದು. ಹೀಗೆ ಹೊರಟುಹೋದ ನೌಕರನ ಅಭಾವ ಯಾವ ಜಾತಿಯದು? ಆದಿಯುಂಟು, ಅಂತ್ಯವಿಲ್ಲ, ಹಾಗಾಗಿ ಪ್ರಧ್ವಂಸವೆಂದು ಬಹುಮತ. ಆದರೆ ಪ್ರತಿವಾದಿಗಳು ಒಂದು ದೃಷ್ಟಾಂತ ಒಡ್ಡುತ್ತಾರೆ. ನಿವೃತ್ತ ಟೆಕ್ನಿಷಿಯನ್ನನ ಮೊಬೈಲಿಗೆ ಬೆಳಿಗ್ಗೆ ಕರೆ ಬರುತ್ತದೆ. "ಟೋನಿಲ್ಲ ಮಾರಾಯ್ರೆ, ಸ್ವಲ್ಪ ಬನ್ನಿ." ತಾನು ರಿಟೈರಾಗಿ ವರ್ಷಗಳಾದವೆಂದು ಅವನು ಹೇಳುತ್ತಾನೆ. "ಗೊತ್ತುಂಟು, ಬನ್ನಿ." ಅವನು ಬೈದುಕೊಂಡು ಲುಂಗಿಯ ಮೇಲೆಯೇ ಹೋಗಿ, ಡಿ.ಪಿ. ಬಾಕ್ಸಿನಲ್ಲಿ ತುಕ್ಕು ಹಿಡಿದ ಟರ್ಮಿನಲ್ ಕೆರೆದು ಟೋನ್ ಬರಿಸಿ, ಕಾಫಿ ಕುಡಿದು ಬರುತ್ತಾನೆ. ಈಗ ಕಂಪ್ಯೂಟರ್ ನೋಡಿ. 198ಕ್ಕೆ ಯಾರೂ ದೂರು ಕೊಟ್ಟಿಲ್ಲ, ಡಾಕೆಟ್ ಹುಟ್ಟಿಲ್ಲ, ಆದ್ದರಿಂದ ಫಾಲ್ಟು ಎಂದೂ ಇರಲಿಲ್ಲ. ಹಾಜರಿ ಪುಸ್ತಕದ ಪ್ರಕಾರ ನೌಕರನೂ ಇಲ್ಲ. ಇಲ್ಲದ ಫಾಲ್ಟನ್ನು ಇಲ್ಲದ ನೌಕರ ರಿಪೇರಿ ಮಾಡಿದ್ದಾನೆ, ಟೋನ್ ಇದೆ. ಇದನ್ನು ಐದನೆಯ ಅಭಾವವೆಂದು ಎಣಿಸಬಹುದೇ ಎಂದು ಸರ್ಕಲ್ ಆಫೀಸಿಗೆ ಬರೆದು ಕೇಳಲಾಗಿದೆ. ಅವರು ಮೂಲ ಪತ್ರದ ಮೂರು ಪ್ರತಿಗಳನ್ನು ಸೂಕ್ತ ಮಾರ್ಗದ ಮೂಲಕ ಕಳಿಸಲು ಸೂಚಿಸಿದ್ದಾರೆ.