ಮೀನು ಕೇಳಿದರೆ ನೆಲ ತೋರಿಸಿತು

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿದ ದಿನ ಹೈದರಾಬಾದಿನಲ್ಲಿ ಮೀನಿನದೇ ಮಾತು. ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಬಾಯಿಗೆ ಔಷಧಿ ತುಂಬಿದ ಜೀವಂತ ಮರಿಮೀನು ನುಂಗಲು ಉಬ್ಬಸದವರು ಸಾಲುಗಟ್ಟುತ್ತಾರೆ. ಇಲ್ಲಿನ ರಾಮನಗರದ ಮಾರ್ಕೆಟ್ಟಿನಲ್ಲಿ ಕೊರಮೀನು ಕೈಗೆ ಸಿಕ್ಕರೂ ಬೆಲೆ ಕೈಗೆ ಸಿಗುವುದಿಲ್ಲ. ಅಂಥದೊಂದು ಬೆಳಿಗ್ಗೆ ಪಕ್ಕದ ಮನೆಯ ಮಾಸ್ತರರು ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ, “ಫಿಶ್ ಫೈಂಡರ್ ತಗೋಬೇಕಂತ ಮಾಡೀನ್ರೀ. ಯಾವುದು ಚಲೋ?” ಎಂದರು.

ಮಾಸ್ತರರು ಕಲಬುರಗಿಯವರು. ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾಗಿ, ಗಾಳಿ ತುಂಬುವ ಎರಡಾಳಿನ ರಬ್ಬರ್ ದೋಣಿ ಕೊಂಡಿದ್ದಾರೆ. ಸಂಗಾರೆಡ್ಡಿ ಕಡೆಯ ಕೆರೆಯೊಂದರಲ್ಲಿ ಮೀನುಗಾರರ ಸೊಸೈಟಿಯವರನ್ನು ಒಪ್ಪಿಸಿ ಭಾನುವಾರ ಭಾನುವಾರ ಗಾಳ ಹಾಕುತ್ತಾರೆ. ಇದುವರೆಗೆ ಮನೆಗೆ ತಂದದ್ದು ಬಿಸಿಲಿಗೆ ಸುಲಿದ ಮೂಗು ಮಾತ್ರ. ಇನ್ನು ನಾನೋ ಮೀನು ಮುಟ್ಟದವ. ಆದರೆ ಹಿಂದೊಮ್ಮೆ ಅವರ ಸ್ಕೂಟರಿನ ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದ್ದೆ. ಅಂದಿನಿಂದ ಈ ಗಲ್ಲಿಗೆ ನಾನೇ ಎಂಜಿನಿಯರು.

“ಬಜೆಟ್ ಎಷ್ಟ್ರೀ?”

“ಹತ್ತು ಸಾವಿರದ ಮ್ಯಾಲ ಒಂದು ಪೈಸಾನೂ ನಕ್ಕೋ.”

ಎಂಜಿನಿಯರ್ ಪದವಿ ಉಳಿಸಿಕೊಳ್ಳಲು ಎರಡು ರಾತ್ರಿ ಓದಿದೆ. ಮರುದಿನ ಗೋಡೆಯ ಈಚೆಯಿಂದ ಪಾಠ ನನ್ನದು. ಈ ಯಂತ್ರಕ್ಕೆ ಕಣ್ಣಿಲ್ಲ, ಬಾಯಿ ಮತ್ತು ಕಿವಿ ಮಾತ್ರ. ಇದು ಗೋಲ್ಕೊಂಡದ ಚಪ್ಪಾಳೆಯಲ್ಲ, ಗೋಲಗುಮ್ಮಟದ ಕೂಗು: ಹೋದ ಸದ್ದು ತಿರುಗಿ ಬರಬೇಕು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ. ತಳಕ್ಕೆ ಬಡಿದು ಮರಳಿ ಬರಲು ಹಿಡಿದ ಹೊತ್ತೇ ಆಳದ ಲೆಕ್ಕ. ನಡುವೆ ಮೀನಿದ್ದರೆ ಅದರ ಹೊಟ್ಟೆಯೊಳಗಿನ ಗಾಳಿಚೀಲ ಸದ್ದನ್ನು ತಿರುಗಿಸಿ ಕಳಿಸುತ್ತದೆ. ಜಪಾನಿನ ಫುರುನೋದವರು 1948ರಲ್ಲೇ ಇದನ್ನು ಮೀನುಗಾರರ ದೋಣಿಗೆ ಇಳಿಸಿದ್ದರು.

“ಹಂಗಂದ್ರ ಕೆರೀ ತುಂಬ ಕಾಣಸ್ತದ?”

ಅಲ್ಲೇ ತೊಡಕು. ಕೆರೆಗೆ ಹೊಂದುವುದು 200 ಕಿಲೋಹರ್ಟ್ಸ್. 50 ಕಿಲೋಹರ್ಟ್ಸ್ ಆಳ ಸಮುದ್ರದವರಿಗೆ, ಅದಕ್ಕೆ ದುಡ್ಡು ಸುರಿಯಬಾರದು. 200ರ ಸದ್ದು ಸಾಮಾನ್ಯವಾಗಿ 20 ಡಿಗ್ರಿ ಅಗಲದ ಶಂಕುವಿನಂತೆ ಇಳಿಯುತ್ತದೆ. ಹತ್ತಡಿ ಆಳದ ನೀರಿನಲ್ಲಿ ಅದು ಕಾಣುವ ನೆಲ ಮೂರೂವರೆ ಅಡಿ, ಒಂದು ಹರಿಗೋಲಿನಷ್ಟೂ ಅಗಲವಿಲ್ಲ. ಪರದೆಯ ಮೇಲೆ ಓಡಾಡುವ ಮುದ್ದು ಮೀನಿನ ಚಿತ್ರಗಳನ್ನೂ ನಂಬುವಂತಿಲ್ಲ. ಗುಳ್ಳೆ, ಜೊಂಡು ಎಲ್ಲಕ್ಕೂ ಯಂತ್ರ ಮೀನಿನ ವೇಷ ಹಾಕಿಸುತ್ತದೆ. ಕೊರಮೀನಿನ ಕತೆಯಂತೂ ಕೇಳುವುದೇ ಬೇಡ. ಅದು ಜೊಂಡಿನ ಸಂದಿಯಲ್ಲೇ ಬಾಳುವ ಜೀವ, ಯಂತ್ರ ಅಲ್ಲಿ ಕುರುಡು. ಆದರೆ ಉಸಿರಿಗೆ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕಾದ ಮೀನು ಅದು. ಸುಮ್ಮನೆ ಕೂತವನಿಗೆ ತಾನೇ ವಿಳಾಸ ಹೇಳುತ್ತದೆ.

“ಮತ್ತ ಯಾಕ ತಗೋಬೇಕ್ರೀ ಈ ಸುಡುಗಾಡು?”

ನೆಲಕ್ಕಾಗಿ, ಎಂದೆ. ಕಾಟ್ಲಾ ಮೇಲೆ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ಹಳೆಯ ಹಳ್ಳದ ದಡ, ಮುಳುಗಿದ ದಿಬ್ಬ, ಆಳ ತಟ್ಟನೆ ಕುಸಿಯುವ ಅಂಚು ಸಿಕ್ಕರೆ ಮೀನು ಎಲ್ಲಿರಬಹುದೆಂದು ಅಂದಾಜಾಗುತ್ತದೆ. 1908ರ ಮೂಸಿ ಪ್ರವಾಹದ ನಂತರ ನಮ್ಮ ವಿಶ್ವೇಶ್ವರಯ್ಯನವರು ಜಲಾಶಯ ಕಟ್ಟಿರೆಂದು ಸೂಚಿಸಿದಾಗ ಅವರ ಕಣ್ಣೆದುರು ಇದ್ದದ್ದು ಬರಿಯ ಕಣಿವೆ. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಎದ್ದವು. ಕಣಿವೆ ನೀರಡಿ ಸೇರಿತು. ಆ ಕಣಿವೆ ಮತ್ತೆ ಕಾಣಬೇಕಾದರೆ ಹೀಗೆ ಕೂಗಿಯೇ ಕೇಳಬೇಕು.

ಭೂಗೋಳದ ಮಾಸ್ತರರ ಕಣ್ಣು ಅಗಲವಾಯಿತು.

ಉಳಿದದ್ದು ಸಂತೆಯ ಲೆಕ್ಕ. ದಾರಕ್ಕೆ ಕಟ್ಟಿ ನೀರಿಗೆಸೆಯುವ ಚೆಂಡಿನಂಥದು ಅಗ್ಗ, ರಬ್ಬರ್ ದೋಣಿಗೆ ಸಲೀಸು. ಆದರೆ ಅದರ ಚಿತ್ರ ಬರುವುದು ಮೊಬೈಲಿಗೆ. ನಮ್ಮ ಬಿಸಿಲಿನಲ್ಲಿ ಮೊಬೈಲಿನ ಪರದೆ ಕನ್ನಡಿಯಾಗಿ ನಮ್ಮದೇ ಮುಖ ತೋರಿಸೀತು. ಅದಕ್ಕಿಂತ ಬಿಸಿಲಿಗೆ ಮಂಕಾಗದ ನಾಲ್ಕಿಂಚಿನ ಪರದೆಯದು ಲೇಸು. ಅರ್ಧ ಆಂಪಿಯರ್ ಕುಡಿದರೂ 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ ದಿನವಿಡೀ ಬಂದೀತು. ಜಾಗದ ಗುರುತಿಗೆ ಜಿಪಿಎಸ್ ಏಕೆ? ಏರಿಯ ತಾಳೆಮರಕ್ಕೂ ತೂಬಿಗೂ ಕಣ್ಣಳತೆ ಹಿಡಿದರೆ ಸಾಕು. “ಯಂತ್ರಕ್ಕೊಂದು ಹುರಿ ಹಾಕಿ ದೋಣಿಗೆ ಬಿಗಿದುಬಿಡ್ರಿ” ಎಂದೆ.

“ಏ, ಅದೆಲ್ಲ ನಕ್ಕೋರೀ. ರಬ್ಬರ್ ಬಟ್ಟಲದ, ಗಪ್ಪಂತ ಹಿಡಕೋತದ.”

ಯಂತ್ರ ಕೊಂಡ ಮೇಲೆ ನಾಲ್ಕು ಭಾನುವಾರ ಮಾಸ್ತರರು ಗಾಳವನ್ನು ಮನೆಯಲ್ಲೇ ಮರೆತು ಹೋದರು. ಐದನೆಯದು ಮುಗಿದ ಸಂಜೆ ಗೋಡೆಯ ಮೇಲೆ ಗ್ರಾಫ್ ಹಾಳೆ ಹರಡಿತು: ಇಡೀ ಕೆರೆ! ಅಡಿ ಅಡಿಗೆ ಗೆರೆ, ಹಳ್ಳದ ತಿರುವು, ನೀರಿಗಿಂತ ಮೊದಲಿದ್ದ ಬಂಡಿದಾರಿಯಂಥ ಒಂದು ಉಬ್ಬು. ಮೂವತ್ತು ವರ್ಷ ಮಕ್ಕಳಿಂದ ಬರೆಸಿದ ನಕ್ಷೆಗಳಲ್ಲಿ ಇಂಥದೊಂದು ಇರಲಿಕ್ಕಿಲ್ಲ. ನಡುವೆ ಕೆಂಪು ಪೆನ್ಸಿಲಿನ ಒಂದು ಗುಣಿಸು ಗುರುತು, ಪಕ್ಕದಲ್ಲಿ 17 ಅಡಿ.

“ಇಲ್ಲಿ ದೊಡ್ಡ ರೋಹು ಏನ್ರೀ?”

ಮಾಸ್ತರರು ಹಾಳೆ ಮಡಿಸಿಕೊಂಡರು.

“ರಬ್ಬರ್ ಬಟ್ಟಲ ಬಿಟ್ಕೊಂಡ್ತು. ಹದಿನೇಳು ಅಡಿ ಅಂತ ತೋರ್ಸಿದ್ದೇ ಅದರ ಕಡೀ ಮಾತು.”