'ಷರತ್ತುಗಳು ಅನ್ವಯಿಸುತ್ತವೆ' ಅವರಿಗೊಂದು ಬಹಿರಂಗ ಪತ್ರ

ಗೆ,
ಶ್ರೀ 'ಷರತ್ತುಗಳು ಅನ್ವಯಿಸುತ್ತವೆ' ಅವರು,
ನಕ್ಷತ್ರ ಚಿಹ್ನೆಯ ಪಕ್ಕ,
ಪ್ರವಾಸಿ ಹಡಗಿನ ಜಾಹೀರಾತಿನ ಕೆಳಮೂಲೆ.

ಮಾನ್ಯರೇ,

ಕನ್ನಡಕ ಏರಿಸಿ, ಮೊಬೈಲಿನ ಟಾರ್ಚ್ ಬಿಟ್ಟು ತಮ್ಮ ವಿಳಾಸ ಹುಡುಕಬೇಕಾಯಿತು. ತಮ್ಮ ಮೇಲಿನ ಮಹಡಿಗಳಲ್ಲಿ ಪಚ್ಚೆ ಬಣ್ಣದ ನೀರು, ಬಿಳಿ ಮರಳು, ಹುಲ್ಲಿನ ಟೋಪಿ ತೊಟ್ಟು ನಗುವ ದಂಪತಿ ಮತ್ತು 'ಲಕ್ಷದ್ವೀಪ ನಿಮ್ಮನ್ನು ಕರೆಯುತ್ತಿದೆ' ಎಂಬ ಅಂಗೈಯಗಲದ ಅಕ್ಷರಗಳು ವಾಸವಾಗಿವೆ. ಅವರಲ್ಲಿ ಯಾರೂ ಈಗ ಮಾತಿಗೆ ಸಿಗುತ್ತಿಲ್ಲ. ಕಂಪನಿಯ ದೂರವಾಣಿಗೆ ಕರೆ ಮಾಡಿದರೆ ಹಾಡು ಬರುತ್ತದೆ, ಮನುಷ್ಯರು ಬರುವುದಿಲ್ಲ. ಬಂದ ಒಬ್ಬರೇ ಒಬ್ಬರೂ 'ಷರತ್ತುಗಳನ್ನು ಓದಿ ಸರ್' ಎಂದು ತಮ್ಮತ್ತ ಬೆರಳು ತೋರಿಸಿ ಮಾಯವಾದರು. ಹಾಗಾಗಿ ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ವಿಷಯ ತಮಗೆ ಮೊದಲೇ ಗೊತ್ತಿತ್ತು, ನಮಗೆ ಆಮೇಲೆ ಗೊತ್ತಾಯಿತು. ನವೆಂಬರಿನ ಆ ಬೆಳಿಗ್ಗೆ ನಮ್ಮ ಹಡಗು ಅಗತ್ತಿ ದ್ವೀಪದ ಹವಳದ ದಿಬ್ಬದಾಚೆ ನಿಂತಿತ್ತು. ನಿಂತಿತ್ತು ಎನ್ನುವುದು ಮರ್ಯಾದೆಯ ಮಾತು, ಓಲಾಡುತ್ತಿತ್ತು. ದೂರದಲ್ಲಿ ತೆಂಗಿನ ಸಾಲು ಗಾಳಿಗೆ ಬಗ್ಗಿ ಏಳುತ್ತಿತ್ತು. ನಾವೆಲ್ಲ ಸನ್‌ಸ್ಕ್ರೀನ್ ಬಳಿದುಕೊಂಡು, ಪ್ರವೇಶ ಪರವಾನಗಿಯ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿಟ್ಟುಕೊಂಡು ಸಿದ್ಧರಾಗಿದ್ದೆವು. ಆಗ ಧ್ವನಿವರ್ಧಕ ಗಂಟಲು ಸರಿಪಡಿಸಿಕೊಂಡಿತು. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾಗಿರುವುದರಿಂದ ದ್ವೀಪಕ್ಕೆ ಇಳಿಯುವ ಕಾರ್ಯಕ್ರಮ ರದ್ದಾಗಿದೆ, ಅದಕ್ಕೆ ಬದಲಾಗಿ ಎಲ್ಲರಿಗೂ 'ಮೋಜಿನ ಸಮುದ್ರ ದಿನ', ಹನ್ನೊಂದಕ್ಕೆ ತಂಬೋಲ!

ಮದುವೆ ಮನೆಗೆ ಬಂದು ಉಣ್ಣದೆ ಹೊರಟವರ ಮುಖ ನೋಡಿದ್ದೀರಾ? ಅಂಥ ಮುಖಗಳು ಸ್ವಾಗತ ಕೌಂಟರಿನ ಮುಂದೆ ಸಾಲುಗಟ್ಟಿದವು. ಬೆಂಗಳೂರಿನ ಹಿರಿಯರೊಬ್ಬರು ಕೌಂಟರಿನ ಹುಡುಗಿಗೆ ತಮ್ಮ ಮೊಬೈಲ್ ತೋರಿಸಿದರು: "ನೋಡಮ್ಮಾ, ಇದರಲ್ಲಿ ಅರ್ಧ ಮೋಡ, ಅರ್ಧ ಬಿಸಿಲು ಅಂತ ಬರ್ತಿದೆ. ನಿಮ್ಮ ಕ್ಯಾಪ್ಟನ್‌ಗೆ ಸ್ವಲ್ಪ ಹೇಳು." ಅವರ ಹಿಂದಿದ್ದವರದು ಇನ್ನೂ ಪ್ರಾಯೋಗಿಕ ಸಲಹೆ: "ಇನ್ನೊಂದ್ ಸ್ವಲ್ಪ ಮುಂದಕ್ಕೆ ತಗೊಂಡು ಸ್ಲೋ ಮಾಡಿ ಸಾರ್, ನಾವು ಇಳ್ಕೊಂಡ್ಬಿಡ್ತೀವಿ." ಕಾರ್ಪೊರೇಷನ್ ಸರ್ಕಲ್ಲಿನಲ್ಲಿ ಸಿಟಿ ಬಸ್ಸಿಗೆ ಫಲಿಸುವ ಈ ಉಪಾಯ ಹವಳದ ದಿಬ್ಬದ ಹತ್ತಿರ ಏಕೆ ಫಲಿಸದು ಎಂಬುದನ್ನು ಯಾರೂ ಅವರಿಗೆ ವಿವರಿಸಲಿಲ್ಲ. ತಾವೂ ವಿವರಿಸಿಲ್ಲ. 'ಹವಾಮಾನದ ಕಾರಣ ಬಂದರು ಭೇಟಿ ಬದಲಾಗಬಹುದು ಅಥವಾ ರದ್ದಾಗಬಹುದು' ಎಂದು ಹೇಳಿ ತೆಪ್ಪಗಾಗಿದ್ದೀರಿ.

ನಾನೇ ವಿವರಿಸುತ್ತೇನೆ. ಲಕ್ಷದ್ವೀಪದಲ್ಲಿ ಇಷ್ಟು ದೊಡ್ಡ ಹಡಗು ದಡಕ್ಕೆ ಬಂದು ಕಟ್ಟಿಕೊಳ್ಳುವುದಿಲ್ಲ. ಹವಳದ ದಿಬ್ಬದ ಹೊರಗೆ ಆಳದಲ್ಲಿ ನಿಲ್ಲುತ್ತದೆ. ದ್ವೀಪದಿಂದ ದೋಣಿಗಳು ಬರುತ್ತವೆ. ಹಡಗಿನ ಪಕ್ಕೆಯಲ್ಲಿ, ನೀರಿಗೆ ತೀರ ಸಮೀಪದಲ್ಲಿ ಒಂದು ಬಾಗಿಲು ತೆರೆಯುತ್ತದೆ. ಅಲ್ಲಿಂದ ದೋಣಿಗೆ ಕಾಲಿಡಬೇಕು. ಎರಡು ಮೀಟರ್ ಅಲೆ ಎಂದರೆ ಕೇಳಲು ಏನೂ ಅಲ್ಲ. ಆದರೆ ಹಡಗು ತನ್ನ ತೂಕಕ್ಕೆ ಬಹುಮಟ್ಟಿಗೆ ನಿಂತಲ್ಲೇ ನಿಂತಿರುತ್ತದೆ, ದೋಣಿ ಮಾತ್ರ ಈ ಕ್ಷಣ ತಮ್ಮ ಮೊಣಕಾಲಿನ ಮಟ್ಟದಲ್ಲಿದ್ದು ಮರುಕ್ಷಣ ಒಂದಾಳುದ್ದ ಕೆಳಗಿರುತ್ತದೆ. ನಡುವಿನ ಸಂದು ಬಾಯಿ ತೆರೆದು ಮುಚ್ಚುತ್ತದೆ. ದೋಣಿಯವರು ನಮ್ಮ ರಟ್ಟೆ ಹಿಡಿದು, ಅಲೆ ಮೇಲೆ ಬಂದಾಗ 'ಈಗ' ಎಂದು ಎಳೆದುಕೊಳ್ಳುತ್ತಾರೆ. ಆ 'ಈಗ' ಎಂಬ ಮಾತಿಗೂ ತಮ್ಮ 'ಅನ್ವಯಿಸುತ್ತವೆ' ಎಂಬ ಮಾತಿಗೂ ಇರುವ ಅಂತರ ದೊಡ್ಡದು. ಮಂಡಿನೋವಿನ ಅತ್ತೆಯರು, ಸೆಲ್ಫಿ ಕೋಲಿನ ಅಳಿಯಂದಿರು, ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡ ತಾಯಂದಿರು ಎಲ್ಲರೂ ಆ ಸಂದು ದಾಟಬೇಕು. ಸಂಜೆ ಅದೇ ದಾರಿಯಲ್ಲಿ ಮರಳಬೇಕು. ಅಷ್ಟರಲ್ಲಿ ಗಾಳಿ ಹೆಚ್ಚಿದರೆ, ಅರ್ಧ ಜನ ದ್ವೀಪದಲ್ಲಿ, ಅರ್ಧ ಜನ ಹಡಗಿನಲ್ಲಿ.

ದ್ವೀಪದವರು ಇದನ್ನು ಹೊಟ್ಟೆಪಾಡಿಗಾಗಿ ಮಾಡುತ್ತಾರೆ, ಅಕ್ಕಿಮೂಟೆ ಹೊತ್ತು, ರೋಗಿಗಳನ್ನು ಎತ್ತಿಕೊಂಡು. ಅವರಿಗೆ ಕೊಚ್ಚಿ ಇನ್ನೂರಿಪ್ಪತ್ತರಿಂದ ನಾನೂರ ನಲವತ್ತು ಕಿಲೋಮೀಟರ್ ದೂರ. ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಹಡಗು ಬಾರದ ವಾರದಲ್ಲಿ ಅವರು ಕೌಂಟರಿಗೆ ಹೋಗಿ ಕೂಗಾಡಿದ್ದನ್ನು ನಾನು ಕೇಳಿಲ್ಲ. ನಮ್ಮ ಹಡಗು ಮೂತಿ ತಿರುಗಿಸಿದ ದಿನ ಎಳನೀರು ಕೊಚ್ಚಲು ಕುಳಿತವರು, ಸ್ನಾರ್ಕೆಲ್ ಮುಖವಾಡ ತೊಳೆದಿಟ್ಟವರು, ಚೂರೆ (ಟ್ಯೂನಾ) ಮೀನಿನ ಸಾರು ಕುದಿಸಿಟ್ಟವರು ನಷ್ಟ ಯಾರಲ್ಲಿ ಕೇಳಬೇಕು? ತಮ್ಮ ಪಟ್ಟಿಯಲ್ಲಿ ಅವರಿಗೊಂದು ನಕ್ಷತ್ರವೂ ಇಲ್ಲ.

ಒಂದು ಹಳೆಯ ನೆಂಟಸ್ತಿಕೆಯನ್ನೂ ನೆನಪಿಸಬೇಕು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ಹಡಗುಗಳು ಈಗಲೂ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಹೇರಿಕೊಂಡು ದ್ವೀಪಗಳಿಗೆ ಹೋಗುತ್ತವೆ. ಮಳೆಗಾಲ ಬಂತೆಂದರೆ ಮಂಜಿ ದಡ ಸೇರುತ್ತದೆ. ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಲ್ಲಿಸುತ್ತವೆ. ಶ್ರಾವಣದ ನೂಲ ಹುಣ್ಣಿಮೆಗೆ ಮೊಗವೀರರು ಹಾಲೆರೆದು, ತೆಂಗಿನಕಾಯಿ ಬಿಟ್ಟು ಕಡಲನ್ನು ಪೂಜಿಸುತ್ತಾರೆ. ಅಲ್ಲಿ ಯಾರೂ ಕಡಲಿಗೆ ಟಿಕೆಟ್ ತೋರಿಸಿ 'ನಾನು ಮುಂಗಡ ಕೊಟ್ಟಿದ್ದೇನೆ' ಎಂದು ವಾದಿಸಿದ ದಾಖಲೆಯಿಲ್ಲ.

ಮಳೆಗಾಲ ಮುಗಿದರೆ ಕಡಲು ಸಜ್ಜನವಾಗುತ್ತದೆ ಎಂಬುದು ತಮ್ಮ ಮೇಲಿನ ಮಹಡಿಯವರು ಹಬ್ಬಿಸಿದ ಸುದ್ದಿ. ಅರಬ್ಬಿ ಸಮುದ್ರಕ್ಕೆ ಚಂಡಮಾರುತದ ಋತು ಎರಡು. ಒಂದು ಮುಂಗಾರಿನ ಆಸುಪಾಸು, ಇನ್ನೊಂದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಪ್ರವಾಸಿ ಹಡಗಿನ ಋತು ಶುರುವಾಗುವುದೂ ಇದೇ ಎರಡನೆಯದರ ಹೊತ್ತಿಗೆ. ಕಾಕತಾಳೀಯವೆಂದರೆ ತಾವು ನಗುತ್ತೀರಿ. 2017ರ ಡಿಸೆಂಬರ್ ಮೊದಲ ದಿನಗಳಲ್ಲಿ ಒಖಿ ಚಂಡಮಾರುತ ಮಿನಿಕಾಯ್, ಕಲ್ಪೇನಿಗಳನ್ನು ಬಡಿಯಿತು. 2019ರಲ್ಲಿ ಅರಬ್ಬಿ ಸಮುದ್ರದಲ್ಲಿ ಐದು ಚಂಡಮಾರುತಗಳೆದ್ದವು. ಅಕ್ಟೋಬರ್ ಕೊನೆಗೆ ಕ್ಯಾರ್ ಮತ್ತು ಮಹಾ ಎರಡೂ ಒಟ್ಟಿಗೇ ಕಡಲಲ್ಲಿದ್ದವು, ಮಹಾ ಲಕ್ಷದ್ವೀಪದ ಮೇಲೆಯೇ ಹಾದುಹೋಯಿತು. ಜಾಹೀರಾತಿನ ಚಿತ್ರ ತೆಗೆದ ಛಾಯಾಗ್ರಾಹಕರು ಆ ವಾರಗಳಲ್ಲಿ ರಜೆಯಲ್ಲಿದ್ದಿರಬೇಕು.

ಇಷ್ಟಾಗಿಯೂ ಕ್ಯಾಪ್ಟನ್ನರ ಮೇಲೆ ನನಗೆ ಸಿಟ್ಟಿಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವೊಂದು ಹುಟ್ಟಿತು. ಇಂದು ಜಾರಿಯಲ್ಲಿರುವ ಅದರ ರೂಪದಲ್ಲಿ ಒಂದು ಚೆಂದದ ನಿಯಮವಿದೆ: ಜೀವರಕ್ಷಣೆಗೆ ಅಗತ್ಯವೆಂದು ಕ್ಯಾಪ್ಟನ್ ತೆಗೆದುಕೊಂಡ ನಿರ್ಧಾರಕ್ಕೆ ಹಡಗಿನ ಮಾಲೀಕನೂ ಅಡ್ಡಬರುವಂತಿಲ್ಲ. ಮಾಲೀಕನಿಗೇ ಇಲ್ಲದ ಅಧಿಕಾರ ನಮ್ಮ ಬೆಂಗಳೂರಿನ ಹಿರಿಯರ ಮೊಬೈಲಿಗೆ ಎಲ್ಲಿಂದ ಬರಬೇಕು? ಎಚ್ಚರಿಕೆ ಬಂದರೂ ಜಾಗ ಬಿಡದಿದ್ದರೆ ಏನಾಗುತ್ತದೆ ಎಂಬುದನ್ನು 2021ರ ಮೇ ತಿಂಗಳಲ್ಲಿ ನೋಡಿದ್ದೇವೆ. ತೌಕ್ತೆ ಚಂಡಮಾರುತ ಬರುತ್ತಿದೆಯೆಂದು ಹವಾಮಾನ ಇಲಾಖೆ ದಿನಗಟ್ಟಲೆ ಮುಂಚೆ ಸಾರಿತ್ತು. ಮುಂಬೈ ಆಚೆಯ ತೈಲ ಪ್ರದೇಶದಲ್ಲಿದ್ದ ಪಿ-305 ಬಾರ್ಜ್ ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದೇ ಚಂಡಮಾರುತದಲ್ಲಿ ನಮ್ಮ ಮೂಲ್ಕಿ ಬಳಿ ಬಂಡೆಗಳ ನಡುವೆ ಸಿಕ್ಕಿಬಿದ್ದ ಟಗ್ಗಿನಿಂದ ಒಂಬತ್ತು ಮಂದಿಯನ್ನು ಕರಾವಳಿ ರಕ್ಷಣಾ ಪಡೆ ಮತ್ತು ನೌಕಾಪಡೆಯವರು ದೋಣಿ, ಹೆಲಿಕಾಪ್ಟರ್ ತಂದು ಎತ್ತಬೇಕಾಯಿತು. ನಮ್ಮ ಕ್ಯಾಪ್ಟನ್ ತಂಬೋಲ ಆಡಿಸಿದರು. ಅವರಿಗೆ ಪುಣ್ಯ ಬರಲಿ.

ನನ್ನ ತಕರಾರು ಲೆಕ್ಕದ ಬಗ್ಗೆ. ಇಳಿಯದ ದ್ವೀಪದ ಬಂದರು ಶುಲ್ಕ ವಾಪಸು ಬಂತು, ಸರಿ. ಮುಂಗಡ ಕಟ್ಟಿದ್ದ ದ್ವೀಪದ ಸುತ್ತಾಟದ ಹಣವೂ ಬಂತು, ಸರಿ. ಉಳಿದದ್ದಕ್ಕೆ ತಮ್ಮ ಕಡೆಯಿಂದ ವಿಷಾದ ಮತ್ತು 'ಮುಂದಿನ ಪ್ರಯಾಣಕ್ಕೆ ರಿಯಾಯಿತಿ ಕೂಪನ್'. ಬಾಗಿಲು ಹಾಕಿದ ಅಂಗಡಿಯಲ್ಲಿ ಇನ್ನಷ್ಟು ಖರೀದಿಸಿ ಎಂಬ ಆಹ್ವಾನವಿದು. ಆ ಕೂಪನ್ನಿನ ಕೆಳಮೂಲೆಯಲ್ಲೂ ತಾವೇ ಕುಳಿತಿದ್ದೀರಿ! ಇತ್ತ ದ್ವೀಪಕ್ಕೆ ಇಳಿಯಬೇಕಿದ್ದ ಜನ ಇಡೀ ದಿನ ಹಡಗಿನಲ್ಲೇ ಉಳಿದರು. ಬಾರು, ಸ್ಪಾ, ಕ್ಯಾಸಿನೊ, ವಾಚಿನಂಗಡಿ ಎಲ್ಲಕ್ಕೂ ಸುಗ್ಗಿ. ದ್ವೀಪದಲ್ಲಿ ಎಳನೀರಿಗೆ ಹೋಗಬೇಕಿದ್ದ ಹಣ ಹಡಗಿನಲ್ಲಿ ಕೊಡೆ ಸಿಕ್ಕಿಸಿದ ಬಣ್ಣದ ನೀರಿಗೆ ಹೋಯಿತು. ಬಿರುಗಾಳಿಯಿಂದ ಎಲ್ಲರಿಗೂ ನಷ್ಟವೆಂದು ಯಾರು ಹೇಳಿದ್ದು?

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ 'ಅನ್ಯಾಯದ ಕರಾರು' ಎಂಬುದಕ್ಕೆ ಜಾಗ ಕೊಟ್ಟಿದ್ದಾರೆ. ಗ್ರಾಹಕನ ಮೇಲೆ ಏಕಪಕ್ಷೀಯವಾಗಿ ಭಾರ ಹೇರುವ ಕರಾರನ್ನು ರಾಜ್ಯ ಗ್ರಾಹಕ ಆಯೋಗದ ಮುಂದೆ ಪ್ರಶ್ನಿಸಬಹುದು. ಹೆದರಬೇಡಿ, ಬಿರುಗಾಳಿಯ ವಿಷಯದಲ್ಲಿ ಗೆಲ್ಲುವುದು ತಾವೇ ಇರಬಹುದು. ಏಕೆಂದರೆ ಇಡೀ ಜಾಹೀರಾತಿನಲ್ಲಿ ನಿಜ ಹೇಳಿದವರು ತಾವೊಬ್ಬರೇ. ಪಚ್ಚೆ ನೀರು ಸುಳ್ಳು ಹೇಳಿತು, ಹುಲ್ಲಿನ ಟೋಪಿ ಸುಳ್ಳು ಹೇಳಿತು, 'ಕರೆಯುತ್ತಿದೆ' ಎಂಬ ಕ್ರಿಯಾಪದವಂತೂ ಹಸಿ ಸುಳ್ಳು. ಸಮುದ್ರ ಸಮುದ್ರದ ಹಾಗೆಯೇ ನಡೆದುಕೊಳ್ಳುತ್ತದೆ ಎಂದು ತಾವು ಮಾತ್ರ ಹೇಳಿದ್ದಿರಿ, ಇರುವೆಗೆ ಕೇಳಿಸುವಷ್ಟು ದನಿಯಲ್ಲಿ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಮೇಲಿನ ಮಹಡಿಯವರನ್ನು ಕೆಲ ಕಾಲ ಕೆಳಮೂಲೆಗೆ ಕಳಿಸಿ. ತಾವು ಅಂಗೈಯಗಲದ ಅಕ್ಷರಗಳಲ್ಲಿ ಮೇಲಕ್ಕೆ ಬನ್ನಿ: 'ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚಂಡಮಾರುತದ ಕಾಲ. ದ್ವೀಪ ಕಾಣಬಹುದು, ಇಳಿಯಲಾಗದಿರಬಹುದು. ಇಳಿಯಲಾಗದಿದ್ದರೆ ಇಷ್ಟು ಹಣ ವಾಪಸು.' ಎಷ್ಟೆಂಬುದನ್ನು ಅಂಕಿಯಲ್ಲಿ ಬರೆಯಿರಿ. ಇಳಿಸಿಕೊಳ್ಳಲು ಕಾದ ದೋಣಿಯವರಿಗೂ ದಿನದ ಕೂಲಿಯಲ್ಲಿ ಒಂದು ಪಾಲು ಸೇರಿಸಿ. ನಕ್ಷತ್ರ ಚಿಹ್ನೆಯನ್ನು ಬೇಕಾದರೆ ಹುಲ್ಲಿನ ಟೋಪಿಯವರ ತಲೆಯ ಮೇಲೆ ಇಡಿ.

ಉತ್ತರವನ್ನು ಓದಲು ಬರುವ ಗಾತ್ರದಲ್ಲಿ ಕಳಿಸಬೇಕಾಗಿ ವಿನಂತಿ.

ಇಂತಿ,
ಇಳಿಯದ ಪ್ರಯಾಣಿಕರ ಪರವಾಗಿ ಒಬ್ಬ